ದೊಡ್ಡಪ್ಪನ ಜೊತೆ ಹೋದ ನಂಬರು

ವರ್ಷಕ್ಕೊಂದು ಸಲ ದೊಡ್ಡಪ್ಪ ನನಗೆ ಫೋನಿನಲ್ಲಿ ಆರು ಅಂಕಿ ಓದಿ ಹೇಳುತ್ತಿದ್ದರು. ನಾನು ಹಾರೋಹಳ್ಳಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಊಟದ ಬಿಡುವಿಗೆ ಕಾದು, ಮೊಬೈಲು ತೆರೆದು ಕೂತಿರುತ್ತಿದ್ದೆ. ಅವರು ಕನಕಪುರದ ನಮ್ಮ ಬೀದಿಯಲ್ಲಿ ಕೆಲಸ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಗುಂಡಿ ಒತ್ತುವ ಹಳೇ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಮೆಸೇಜು ಬಂದ ಕೂಡಲೇ ಅದರಲ್ಲಿದ್ದ ಅಂಕಿಗಳನ್ನು ಇದ್ದಿಲಿನಲ್ಲಿ ಒಂದು ಬಿದಿರು ದಬ್ಬೆಯ ಮೇಲೆ ಬರೆದುಕೊಂಡು ನನಗೆ ಫೋನು ಮಾಡುತ್ತಿದ್ದರು. ಮೊದಲ ವರ್ಷ ಇದ್ದಿಲು ಹುಡುಕುವಷ್ಟರಲ್ಲಿ ಆ ಒಟಿಪಿ ಕೋಡಿನ ಹೊತ್ತು ಮುಗಿದುಹೋಗಿತ್ತು. ಮರುವರ್ಷದಿಂದ ಇದ್ದಿಲಿನ ಚೂರನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದರಂತೆ.

"ಬರ್ಕೋ ಮಗ. ನಾಕು."

"ಹೂಂ."

"ಸೊನ್ನೆ. ಬರ್ಕೊಂಡಾ?"

"ಬರ್ಕೊಂಡೆ ದೊಡ್ಡಪ್ಪ. ಒಸಿ ಬೇಗ ಹೇಳಿ."

"ಬೇಗ ಹೇಳುದ್ರೆ ತಪ್ಪಾಯ್ತದೆ ಕಣವ್ವ. ತಪ್ಪಾದ್ರೆ ಇನ್ಯಾವನೋ ಹೊಡ್ಕೊಂಡೋಯ್ತನೆ ಅಂತ ನೀನೇ ಹೇಳಿದ್ದು."

ಆರೂ ಅಂಕಿ ಮುಗಿದು, ನಾನು ಹಣ ಕಟ್ಟಿ, ಪರದೆಯ ಮೇಲೆ ಹಸಿರು ಗುರುತು ಬರುವ ತನಕ ಅವರು ಫೋನು ಇಡುತ್ತಿರಲಿಲ್ಲ. ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. "ಇನ್ನೊಂದ್ ವರ್ಸ ನಮ್ದೇ ಅಲ್ವಾ?" ನಮ್ಮದೇ ಅಂದ ಮೇಲೆ ಉಸಿರು ಬಿಟ್ಟು ಕೆಲಸಕ್ಕೆ ಕೂರುತ್ತಿದ್ದರು.

ನಮ್ಮದು ಬಿದಿರು ಕೆಲಸದ ಮನೆ. ಚಂದ್ರಿಕೆ ಹೆಣೆಯುತ್ತೇವೆ. ರೇಷ್ಮೆ ಸಾಕುವವರಿಗೆ ಚಂದ್ರಿಕೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹುಳು ಹಣ್ಣಾದ ಮೇಲೆ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹೊಳಪಾದ ಮೇಲೆ, ಗೂಡು ಕಟ್ಟಲೆಂದು ಅವನ್ನು ಬಿಡುವ ಬಿದಿರಿನ ತಡಿಕೆ ಅದು. ಚಾಪೆಯಂತೆ ಹೆಣೆದ ತಳದ ಮೇಲೆ ತೆಳುವಾದ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತೇವೆ. ಆ ಸುರುಳಿಯ ಸಂದಿನಲ್ಲಿ ಹುಳು ಕೂತು ತನ್ನ ಸುತ್ತ ನೂಲು ಸುತ್ತಿಕೊಳ್ಳುತ್ತದೆ. ಮರಳವಾಡಿ, ಹಾರೋಹಳ್ಳಿ, ಉಯ್ಯಂಬಳ್ಳಿ, ಅತ್ತ ಮಾಗಡಿಯವರೆಗೂ ಒಂದು ಕಾಲದಲ್ಲಿ ನಮ್ಮ ಬೀದಿಯ ಚಂದ್ರಿಕೆಗಳೇ ಹೋಗುತ್ತಿದ್ದವು. ಆಮೇಲೆ ಪ್ಲಾಸ್ಟಿಕ್ಕಿನವು ಬಂದವು. ತೊಳೆಯಲು ಸುಲಭ, ಮಡಚಿಡಲು ಸುಲಭ. ರೈತರನ್ನು ದೂರುವಂತಿಲ್ಲ.

ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಿದಿರು ಸೀಳಿ ಬೆರಳು ಕುಯ್ದುಕೊಂಡ ಕೈಯಲ್ಲೇ ಬಿ.ಕಾಂ. ಪರೀಕ್ಷೆ ಬರೆದಿದ್ದೇನೆ. ಕಾಲೇಜಿನಲ್ಲಿ ಫಾರಂ ತುಂಬುವಾಗ ಅಪ್ಪನ ಉದ್ಯೋಗದ ಜಾಗದಲ್ಲಿ ಗುಮಾಸ್ತ ಕೂಲಿ ಎಂದು ಬರೆಯಹೋದ. ಕೂಲಿಯಲ್ಲ ಸಾರ್, ಕಸುಬು, ಎಂದು ತಿದ್ದಿಸಿದ್ದೆ. ಕೊನೆಯ ವರ್ಷ ಸಂಜೆ ಹೊತ್ತು ಕಂಪ್ಯೂಟರ್ ಕಲಿತೆ. ಕಲಿತದ್ದನ್ನು ಮೊದಲು ಮನೆಗೇ ಉಪಯೋಗಿಸಬೇಕೆಂದು ಚಂದ್ರಿಕೆಗೊಂದು ವೆಬ್‌ಸೈಟು ಮಾಡಿದೆ. ನಮ್ಮ ಬೀದಿಯ ಹೆಸರನ್ನೂ ಕೆಲಸದ ಹೆಸರನ್ನೂ ಕೂಡಿಸಿ ವಿಳಾಸ ಹಿಡಿದೆ.

ಹಿಡಿದೆ ಅಂದೆ. ಕೊಂಡೆ ಅನ್ನಲಾರೆ. ಡೊಮೇನ್ ಹೆಸರು ಎನ್ನುವ ಈ ವಿಳಾಸ ಯಾರಿಗೂ ಖಾಯಂ ಆಗುವುದಿಲ್ಲ. ವರ್ಷದ ಲೆಕ್ಕದಲ್ಲಿ ಅದು ನಮ್ಮದು. ಅವಧಿ ಮುಗಿಯುವ ಮುಂಚೆ ನವೀಕರಿಸದಿದ್ದರೆ ಕೆಲವು ವಾರ ಕಾಯುತ್ತಾರೆ, ಆಮೇಲೆ ಸಂತೆಗೆ ಬಿಡುತ್ತಾರೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಒಳ್ಳೆಯ ಹೆಸರು ಯಾವಾಗ ಬಿಡುಗಡೆಯಾಗುತ್ತದೆಂದು ಕಾದು ಕೂತಿರುವವರೇ ಇದ್ದಾರೆ.

ಅರ್ಜಿ ತುಂಬಿದ ದಿನ ಒಡೆಯನ ಹೆಸರು ಎಂಬ ಜಾಗ ಬಂತು. ಅಪ್ಪನನ್ನು ಕೇಳಿದೆ.

"ಅದ್ನೂ ಕೇಳ್ಬೇಕಾ? ಅಣ್ಣನ್ ಹೆಸ್ರು ಬರಿ. ಮನೇಲಿ ಹಿರೀರು ಇರ್ವಾಗ ನಮ್ ಹೆಸ್ರು ಹಾಕಕ್ಕಾಯ್ತದಾ?"

ನಮ್ಮ ಕಡೆ ಅದೇ ಪದ್ಧತಿ. ಕರೆಂಟು ಮೀಟರು, ನಲ್ಲಿ, ಕಂದಾಯ, ಎಲ್ಲವೂ ಹಿರಿಯನ ಹೆಸರಲ್ಲಿ. ಹಿರಿಯ ತೀರಿಕೊಂಡ ಮೇಲೂ ಅದನ್ನು ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ನಮ್ಮ ಮನೆ ಕಂದಾಯದ ರಸೀತಿ ಈಗಲೂ ಮುತ್ತಾತನ ಹೆಸರಿಗೆ ಬರುತ್ತದೆ. ಸುತ್ತಲ ಹಳ್ಳಿಗಳ ಪಹಣಿ ತೆಗೆದು ನೋಡಿದರೆ ಬದುಕಿರುವ ರೈತರಿಗಿಂತ ಸತ್ತವರೇ ಹೆಚ್ಚು ಉಳುಮೆ ಮಾಡುತ್ತಿರುತ್ತಾರೆ. ಸತ್ತವನ ಹೆಸರಲ್ಲಿದ್ದರೆ ಒಬ್ಬನೇ ಯಾವನೂ ಮಾರಲಾಗುವುದಿಲ್ಲ, ಮನೆ ಒಟ್ಟಿಗಿರುತ್ತದೆ ಎಂಬುದು ಅಪ್ಪನ ವಾದ. ಅದರಲ್ಲಿ ಸತ್ಯವೂ ಇದೆ. ದೊಡ್ಡಪ್ಪನ ಹೆಸರು, ದೊಡ್ಡಪ್ಪನ ನಂಬರು, ದೊಡ್ಡಪ್ಪನಿಗಾಗಿಯೇ ತೆರೆದ ಒಂದು ಈಮೇಲು ಹಾಕಿದೆ. ಅವರ ಹೆಸರು ಇಂಗ್ಲಿಷಿನಲ್ಲಿ ಪರದೆಯ ಮೇಲೆ ಮೂಡಿದಾಗ ಬಹಳ ಹೊತ್ತು ನೋಡಿದರು. "ಇದು ನಾನಾ?" ಅಂದರು.

ವೆಬ್‌ಸೈಟಿನಿಂದ ಏನಾಯಿತು ಅಂದರೆ, ಬೀದಿ ಉಳಿಯಿತು. ಬೇರೆ ರಾಜ್ಯಗಳ ರೇಷ್ಮೆಯವರು ಕೇಳಿದರು. ಆಮೇಲೆ ಹುಳುವನ್ನೇ ಕಾಣದ ಜನ ಕೇಳತೊಡಗಿದರು, ಹೋಟೆಲಿನ ಗೋಡೆಗೆ, ಶಾಲೆಯ ಹಜಾರಕ್ಕೆ, ಮದುವೆ ಮಂಟಪಕ್ಕೆ. "ಹುಳ ಇಲ್ದಿರೋ ಚಂದ್ರಿಕೆ ಗೋಡೆಗೆ ನೇತಾಕ್ಕೊಂಡು ಏನ್ ಮಾಡ್ತಾರ್ಲಾ?" ಎಂದು ಅಪ್ಪನಿಗೆ ಇವತ್ತಿಗೂ ಆಶ್ಚರ್ಯ. ಬೀದಿಯ ಎಲ್ಲ ಮನೆಯವರೂ ಹೆಣೆದ ಮಾಲಿಗೆ ಅದೊಂದೇ ವಿಳಾಸ. ತಗಡಿನಲ್ಲಿ ಅಕ್ಷರ ಕೊರೆಸಿ, ಪ್ರತಿ ಚಂದ್ರಿಕೆಯ ಅಂಚಿನ ಪಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ಆ ವಿಳಾಸ ಒತ್ತುತ್ತಿದ್ದವರು ದೊಡ್ಡವ್ವ, ದೊಡ್ಡಪ್ಪನ ಹೆಂಡತಿ. ಅವರಿಗೆ ಓದು ಬರುವುದಿಲ್ಲ. ಆದರೆ ಅಕ್ಷರ ಸೊಟ್ಟಗಾದರೆ ಒರೆಸಿ ಮತ್ತೆ ಒತ್ತುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಎರಡು ಸಂಸಾರವೂ ಒಂದೇ ಮನೆ, ಒಂದೇ ಒಲೆ. ನಾನು ಇಬ್ಬರಿಗೂ ಮಗಳೇ.

ದೊಡ್ಡಪ್ಪ ಒಂದು ಬೆಳಿಗ್ಗೆ ಕೆಲಸಕ್ಕೆ ಕೂತವರು ಹಾಗೇ ಪಕ್ಕಕ್ಕೆ ಒರಗಿದರು. ಎದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದಿತ್ತು. ನಾನು ಕಾರ್ಖಾನೆಯಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಅವರನ್ನು ಹೊರಗೆ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಸುತ್ತಲ ಹಳ್ಳಿಗಳಿಂದ ರೈತರು ಬಂದಿದ್ದರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಬೀದಿಯ ತಿರುವಿನ ತನಕ ಹೋಗಿ, ಅಲ್ಲೇ ನಿಂತು, ವಾಪಸು ಬಂದು ಮನೆ ತೊಳೆದೆವು.

ತಿಥಿ ಮುಗಿದ ಮೇಲೆ ನವೀಕರಣದ ದಿನ ಹತ್ತಿರ ಬಂತು. ಈ ಸಲ ಕೋಡನ್ನು ನಾನೇ ಮನೆಯಲ್ಲಿ ಕೂತು ನೋಡಿಕೊಳ್ಳಬಹುದು ಅಂದುಕೊಂಡು, ರಜೆಯ ದಿನ ದೊಡ್ಡವ್ವನ ಹತ್ತಿರ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ದೊಡ್ಡವ್ವ, ದೊಡ್ಡಪ್ಪನ ಫೋನ್ ಎಲ್ಲಿ ಮಡಗಿದ್ದೀಯ?"

"ಅವ್ರ ಜೊತೇಲೇ ಮಡಗಿದ್ದು ಕಣವ್ವ."

"ಅವ್ರ ಜೊತೆ ಅಂದ್ರೆ?"

"ಮಣ್ಣಲ್ಲಿ."

ಜಗಲಿಯ ಮೇಲಿದ್ದ ಅಪ್ಪ ಒಳಗೆ ಇಣುಕಿ ಹೇಳಿದರು. "ನಾನೇ ಮಡಗ್ದೆ. ಅಂಗಿ ಜೇಬಲ್ಲಿ. ಚಾರ್ಜು ತುಂಬಿಸಿ ಕಳಿಸಿದ್ರು ಅತ್ಗೆ."

ಸತ್ತವರು ಕೈಬಿಡದೆ ಇಟ್ಟುಕೊಂಡಿದ್ದ ಒಂದೆರಡು ವಸ್ತುವನ್ನು ಅವರ ಜೊತೆಗೇ ಮಣ್ಣಿಗಿಡುವುದು ನಮ್ಮ ಮನೆಯ ವಾಡಿಕೆ. ತಾತನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು. ಅಜ್ಜಿಯ ಜೊತೆ ನಶ್ಯದ ಡಬ್ಬಿ. ದೊಡ್ಡಪ್ಪನಿಗೆ ಎಲೆಯಿಲ್ಲ, ಬೀಡಿಯಿಲ್ಲ, ಯಾವ ಚಟವೂ ಇಲ್ಲ. ಹಗಲೆಲ್ಲ ರೈತರ ಫೋನು ಬರುತ್ತಿತ್ತು, ಅದು ಅವರ ಕೈಯಲ್ಲೇ ಇರುತ್ತಿತ್ತು. ದೊಡ್ಡವ್ವ ಯೋಚಿಸಿ ಅದನ್ನೇ ಕಳಿಸಿದ್ದರು. ಅವರ ಲೆಕ್ಕ ತಪ್ಪಿರಲಿಲ್ಲ.

"ಯಾಕವ್ವ? ಬೇಕಿತ್ತಾ?" ಎಂದರು ದೊಡ್ಡವ್ವ. ಸ್ವಲ್ಪ ತಡೆದು, "ನಾನೂ ಒಂದೆರಡ್ ಸಲ ಮಾಡ್ಸಿ ನೋಡ್ದೆ. ಯಾವಳೋ ಹೇಳ್ತಾಳೆ, ವ್ಯಾಪ್ತಿ ಪ್ರದೇಶದ ಹೊರಗವ್ರೆ ಅಂತ," ಅಂದರು. ಅಕ್ಕಿಯಿಂದ ಕಣ್ಣೆತ್ತಲಿಲ್ಲ.

ನಾನು ಹೊರಗೆ ಬಂದು ಕಂಪನಿಗೆ ಫೋನು ಮಾಡಿದೆ. ಹೆಸರು ನೋಂದಾಯಿಸುವ ಕಂಪನಿ ಎಲ್ಲೋ ದೂರದ ಊರಿನದು. ನನ್ನ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದೆ. ಆ ಕಡೆಯ ಹೆಣ್ಣುಮಗಳು ಸೌಜನ್ಯದಿಂದಲೇ ಹೇಳಿದಳು: ಖಾತೆಯೊಳಗೆ ಹೋಗಲು ಆ ನಂಬರಿಗೆ ಬರುವ ಕೋಡು ಬೇಕು. ನಂಬರು ಬದಲಿಸಬೇಕಿದ್ದರೆ ಒಡೆಯರು ತಮ್ಮ ಈಮೇಲಿನಿಂದ ಬರೆಯಬೇಕು. ಈಮೇಲು ತೆರೆಯಹೋದರೆ ಅದೂ ಅದೇ ನಂಬರಿಗೆ ಕೋಡು ಕಳಿಸಿತು. ಬೀಗದ ಕೈ ಬೀಗ ಹಾಕಿದ ಮನೆಯೊಳಗೇ ಉಳಿದಿತ್ತು.

ವಿಷಯ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಕೊನೆಮನೆಯ ಮಾವ ಬಂದು ಜಗಲಿಯ ಮೇಲೆ ಕೂತರು. ಅಪ್ಪನ ಜೊತೆ ಬೆಳೆದವರು, ಅವರೂ ಬಿದಿರು ಸೀಳುವವರೇ.

"ಅಲ್ಲ ಕಣ್ಲಾ, ಅದ್ಕೇನಂತೆ. ಒಂದ್ ಗಳಿಗೆ ಕೆಲ್ಸ. ಹಾರೆ ಗುದ್ಲಿ ತಗೊಂಡೋಗಿ..."

"ಬಾಯ್ ಮುಚ್ಕೊಂಡ್ ಕುಂತ್ಕೊ," ಎಂದರು ಅಪ್ಪ. "ಮಲಗಿರೋ ಅಣ್ಣನ್ನ ಎಬ್ಬಿಸ್ತೀಯೇನ್ಲಾ ನೀನು?"

"ಎಬ್ಸು ಅಂದ್ನಾ? ಜೇಬಿಗ್ ಕೈ ಹಾಕು ಅಂದೆ."

"ಬದ್ಕಿದ್ದಾಗ್ಲೇ ಅವನ ಜೇಬಿಗೆ ನಾವ್ ಕೈ ಹಾಕ್ನಿಲ್ಲ."

ಮಾವ ಇನ್ನೊಂದು ದಾರಿ ತೆಗೆದರು. ಸಿಮ್ಮು ಕಳೆದುಹೋಯಿತೆಂದು ಹೇಳಿ ಅದೇ ನಂಬರಿನ ಇನ್ನೊಂದು ಸಿಮ್ಮು ತೆಗೆಯಬಹುದು. ಒಡೆಯ ಎದುರಿಗಿರಬೇಕು, ಅಷ್ಟೇ. "ನಾನೇ ಬತ್ತೀನಿ. ಬಿಳಿ ಮೀಸೆ, ಕನ್ನಡಕ. ಆಧಾರ್ ಫೋಟೋಲಿ ಎಲ್ರೂ ಒಂದೇ ತರ ಕಾಣ್ತೀವಿ. ನಿಮ್ಮಣ್ಣನ ತರ ಕೆಮ್ಮಕ್ಕೂ ಬತ್ತದೆ ನಂಗೆ." ಕೆಮ್ಮಿ ತೋರಿಸಿದರು. ಥೇಟು ದೊಡ್ಡಪ್ಪನ ಕೆಮ್ಮೇ. ಒಳಗೆ ಪಾತ್ರೆಯ ಸದ್ದು ನಿಂತಿತು. ಮಾವನಿಗೂ ಗೊತ್ತಾಗಿ ತಲೆ ಬಗ್ಗಿಸಿದರು.

"ಬೇಡ ಮಾವ," ಎಂದೆ. "ದೊಡ್ಡಪ್ಪ ಒಂದೂ ಸುಳ್ಳು ರುಜು ಹಾಕಿದವರಲ್ಲ. ಅವರು ಸತ್ತಮೇಲೆ ಅವರ ಹೆಸರಲ್ಲಿ ನಾವು ಹಾಕೋದು ಬೇಡ."

ಸಿಮ್ಮಿನ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದೆ. ನೇರ ದಾರಿ ಒಂದೇ ಇತ್ತು. ಮರಣ ಪತ್ರ ಕೊಟ್ಟು, ನಂಬರನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು. ವಾರಸುದಾರರು ಎಂದರೆ ದೊಡ್ಡವ್ವ. ಅವರೇ ಖುದ್ದಾಗಿ ಸಿಮ್ಮಿನವರ ರಾಮನಗರದ ಆಫೀಸಿಗೆ ಬರಬೇಕು.

ದೊಡ್ಡವ್ವ ಒಪ್ಪಲಿಲ್ಲ.

"ಅವ್ರ ನಂಬರ್ ಅವ್ರ ಹೆಸ್ರಲ್ಲೇ ಇರ್ಲಿ. ನನ್ ಹೆಸ್ರಿಗೆ ಯಾಕೆ?"

"ಹಾಗೇ ಬಿಟ್ಟರೆ ನಂಬರೂ ಹೋಗುತ್ತೆ, ವಿಳಾಸನೂ ಹೋಗುತ್ತೆ ದೊಡ್ಡವ್ವ."

"ಎಲ್ಲೋಯ್ತದೆ? ಮೀಟ್ರು ಇನ್ನೂ ನಮ್ ಮಾವ್ನೋರ ಹೆಸ್ರಲ್ಲೈತೆ. ಬೆಳಕು ಬತ್ತಾ ಇಲ್ವಾ?"

ಅಪ್ಪನೂ ಅದನ್ನೇ ಹೇಳಿದರು. ಅವರಿಬ್ಬರೂ ಹಟಕ್ಕೆ ಹೇಳಿದ್ದಲ್ಲ. ಅವರು ಕಂಡ ಜಗತ್ತಿನಲ್ಲಿ ಹೆಸರು ಎಂದರೆ ಕಲ್ಲಿನ ಮೇಲೆ ಕೊರೆದದ್ದು. ಮನುಷ್ಯ ಹೋದರೂ ಅದು ಇರುತ್ತದೆ. ಯಾರೂ ನೋಡಿಕೊಳ್ಳದಿದ್ದರೂ ಇರುತ್ತದೆ. ನಾನು ಓದಿ ಕಲಿತ ಜಗತ್ತಿನಲ್ಲಿ ಹೆಸರು ಬೆಳೆಯ ಹಾಗೆ, ವರ್ಷ ವರ್ಷ ನೀರು ಕಟ್ಟಬೇಕು. ಇದನ್ನು ಅವರಿಗೆ ಹೇಳುವ ಮಾತು ನನ್ನ ಡಿಗ್ರಿಯಲ್ಲಿ ಇರಲಿಲ್ಲ.

ನವೀಕರಣದ ದಿನ ಕಳೆಯಿತು. ಮಾರನೆಯ ದಿನ ಕಾರ್ಖಾನೆಯಲ್ಲಿ ಊಟದ ಡಬ್ಬಿ ತೆರೆಯುವ ಮೊದಲು ವಿಳಾಸ ಒತ್ತಿ ನೋಡಿದೆ. ಫೋಟೋಗಳಲ್ಲಿದ್ದ ನಮ್ಮ ಬೀದಿಯಿಲ್ಲ, ಸುರುಳಿಯಿಲ್ಲ, ಚಂದ್ರಿಕೆ ಹಿಡಿದು ನಿಂತ ದೊಡ್ಡಪ್ಪನಿಲ್ಲ. ಈ ಹೆಸರಿನ ಅವಧಿ ಮುಗಿದಿದೆ ಎಂದು ಬಿಳಿ ಪುಟದ ಮೇಲೆ ಇಂಗ್ಲಿಷಿನ ಒಂದು ಸಾಲು. ಅವರು ಸತ್ತ ದಿನ ನಾನು ಅತ್ತಿರಲಿಲ್ಲ, ಮನೆ ತುಂಬ ಕೆಲಸವಿತ್ತು. ಆವತ್ತು ಸ್ಟೋರ್ಸಿನ ರಾಕಿನ ಹಿಂದೆ ನಿಂತು ಅತ್ತೆ.

ಅದಾದ ಮೇಲೆ ದಿನಗಳು ಭಾರವಾದವು. ಗ್ರಾಹಕರು ನನ್ನ ನಂಬರು ಹುಡುಕಿ ಕೇಳತೊಡಗಿದರು, ಅಂಗಡಿ ಮುಚ್ಚಿಬಿಟ್ಟಿರಾ ಎಂದು. ಬೀದಿಯಲ್ಲಿ ಹೆಣೆದ ಮಾಲು ಗೋಡೆಗೆ ಒರಗಿ ನಿಂತಿತು. ಕಂಪನಿ ಕಾಯುವ ಅವಧಿ ಕರಗುತ್ತಿತ್ತು. ಅದು ಮುಗಿದರೆ ನಮ್ಮ ವಿಳಾಸದ ಮೇಲೆ ಯಾರೋ ಕೈಹಾಕುತ್ತಾರೆ ಎಂಬುದು ನನಗೆ ಖಚಿತವಾಗಿತ್ತು. ಯಾಕೆಂದರೆ ಅದು ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೆ. ಚನ್ನಪಟ್ಟಣದ ಬೊಂಬೆ ವ್ಯಾಪಾರಿಯೊಬ್ಬರು ನನಗೆ ಪರಿಚಯ. ಅವರ ವಿಳಾಸ ಹೀಗೇ ಕೈತಪ್ಪಿ ಹೋಗಿತ್ತು. ಅವರ ಬೊಂಬೆಯ ಡಬ್ಬಿಗಳ ಮೇಲೆಲ್ಲ ಆ ವಿಳಾಸ ಅಚ್ಚಾಗಿದೆ. ಮಕ್ಕಳ ತಾಯಂದಿರು ನಂಬಿ ಒತ್ತುತ್ತಾರೆ. ಈಗ ಅಲ್ಲಿ ಏನಿದೆ ಎಂದು ಹೇಳುವಾಗ ಆ ಮನುಷ್ಯ ನನ್ನ ಮುಖ ನೋಡಿರಲಿಲ್ಲ.

ಒಂದು ಸಂಜೆ ಆ ಪುಟ ತೆರೆದು ಮೊಬೈಲನ್ನು ದೊಡ್ಡವ್ವನ ಕೈಗೆ ಕೊಟ್ಟೆ. ವಿವರಿಸಲಿಲ್ಲ. ಪರದೆಯ ಮೇಲೆ ಇಸ್ಪೀಟೆಲೆಗಳು ತಿರುಗುತ್ತಿದ್ದವು, ನಾಣ್ಯ ಸುರಿಯುತ್ತಿತ್ತು, ಅರೆಬಟ್ಟೆಯ ಹೆಣ್ಣೊಬ್ಬಳು ಬಾ ಬಾ ಎಂದು ಕೈಬೀಸುತ್ತಿದ್ದಳು.

"ಏನವ್ವ ಇದು, ಥೂ."

"ಇದು ಬೊಂಬೆ ಅಂಗಡಿ ವಿಳಾಸ ದೊಡ್ಡವ್ವ. ಅವರು ಬಿಟ್ಟರು, ಇವರು ಹಿಡ್ಕೊಂಡರು."

"ನಮ್ದೂ ಹಿಂಗೇ ಆಯ್ತದಾ?"

"ಹೀಗೇ ಅಂತ ಹೇಳಲಾರೆ. ಆಗಬಹುದು."

ದೊಡ್ಡವ್ವ ಮೊಬೈಲನ್ನು ನೆಲದ ಮೇಲೆ ಮಗುಚಿಟ್ಟರು. ಗೋಡೆಗೆ ಒರಗಿದ್ದ ಚಂದ್ರಿಕೆಗಳ ಕಡೆ ನೋಡಿದರು. "ನಾನು ಒತ್ತಿರೋದು ಎಷ್ಟ್ ಮನೇಲಿರ್ಬೋದು?" ಅಂದರು.

"ಲೆಕ್ಕ ಇಲ್ಲ."

"ಅವೆಲ್ಲ ಅಳಿಸ್ಕೊಂಡ್ ಬರಕ್ಕಾಯ್ತದಾ?"

ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಜಗಲಿಯ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದರು. ದೊಡ್ಡಪ್ಪ ಹೋದಮೇಲೆ ಅವರು ಬೀದಿ ದಾಟಿದ್ದೇ ಇಲ್ಲ. ಎದುರುಮನೆಯಾಕೆ ನೀರಿನ ಕೊಡ ಇಳಿಸಿ ನಿಂತು, "ಇಷ್ಟ್ ಬೇಗ ಹೊರಗೆ ಹೊಂಟುಬುಟ್ಯಾ ಅಕ್ಕ?" ಎಂದಳು.

"ಅವ್ರ ಕೆಲ್ಸಕ್ಕೇ ಹೋಯ್ತಿರೋದು," ಎಂದರು ದೊಡ್ಡವ್ವ. ನನ್ನ ಕಡೆ ತಿರುಗಿ, "ರಾಮನಗರದ ಬಸ್ಸು ಎಷ್ಟೊತ್ಗೆ?" ಎಂದರು.

ಆಫೀಸಿನಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ. ದೊಡ್ಡವ್ವ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದರು. ಹಾಕಿಕೊಂಡೇ ಬನ್ನಿ ಎಂದರೂ ಕೇಳಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ನಂಬರು ಹಾಕಿ, ಕಂಪ್ಯೂಟರು ನೋಡುತ್ತಲೇ ಕೇಳಿದಳು.

"ಇವರು ಬಂದಿದಾರಾ?"

"ಇಲ್ಲ," ಎಂದೆ.

"ಊರಲ್ಲಿಲ್ವಾ?"

ನಾನು ಕಾಗದ ತೆಗೆಯುತ್ತಿದ್ದೆ. ಅಷ್ಟರಲ್ಲಿ ದೊಡ್ಡವ್ವ ಹೇಳಿದರು. "ಸತ್ತೋಗವ್ರೆ ಕಣವ್ವ. ನಮ್ ಯಜಮಾನ್ರು."

ಆವರೆಗೆ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅವ್ರು ಹೋದ್ಮೇಲೆ ಅನ್ನುತ್ತಿದ್ದರು, ಅವ್ರು ಇಲ್ದೆ ಅನ್ನುತ್ತಿದ್ದರು. ಹುಡುಗಿ ತಲೆಯೆತ್ತಿ ನೋಡಿ, ಕುರ್ಚಿ ಎಳೆದುಕೊಟ್ಟಳು. ಕಾಗದಗಳನ್ನೆಲ್ಲ ನೋಡಿದಳು. ಕೊನೆಗೆ ಮೊಬೈಲು ಎದುರಿಗೆ ಹಿಡಿದಳು. ಫೋಟೋದಲ್ಲಿರುವವರು ಬದುಕಿದ್ದಾರೆಂದು ತಿಳಿಯಲು ಕಣ್ಣು ಮಿಟುಕಿಸಬೇಕಂತೆ.

"ಅಜ್ಜಿ, ಇಲ್ಲಿ ನೋಡಿ. ಕಣ್ಣು ಮುಚ್ಚಿ ಬಿಡಿ."

ದೊಡ್ಡವ್ವನ ಕಣ್ಣಿನಿಂದ ನೀರು ಇಳಿಯತೊಡಗಿತು. ಹುಡುಗಿ ಎರಡು ಮೂರು ಸಲ ಪ್ರಯತ್ನಿಸಿದಳು. "ಅಳಬೇಡಿ ಅಜ್ಜಿ. ಇದು ತಗೊಳ್ತಾ ಇಲ್ಲ."

"ಅಳ್ತಿಲ್ಲ ಕಣವ್ವ, ಅದೇ ಬತ್ತಾ ಐತೆ. ಒಸಿ ತಡಿ." ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಬಿಟ್ಟರು. ತಗೊಂಡಿತು.

ನಂಬರು ಅವರ ಹೆಸರಿಗಾಯಿತು. ಹೊಸ ಸಿಮ್ಮಿಗೆ ಕರೆ ಬರುತ್ತದೆ, ಮೆಸೇಜು ಮಾತ್ರ ಒಂದು ದಿನ ಬರುವುದಿಲ್ಲ, ಮೋಸ ತಡೆಯಲು ಹಾಗೆ ಮಾಡಿದ್ದಾರೆ ಎಂದು ಹುಡುಗಿ ಹೇಳಿದಳು. ಇನ್ನೊಂದು ದಿನ. ಹೆಸರು ನೋಂದಾಯಿಸುವ ಕಂಪನಿ ಕಾಯುವ ಅವಧಿಯಲ್ಲಿ ಉಳಿದದ್ದೇ ಸ್ವಲ್ಪ. ಬಸ್ಸಿನಲ್ಲಿ ನಾನು ಕಿಟಕಿಯ ಆಚೆಯ ಬಂಡೆಗಳನ್ನು ನೋಡುತ್ತ ಅದನ್ನೇ ಎಣಿಸುತ್ತಿದ್ದೆ. ದೊಡ್ಡವ್ವ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು.

ಮನೆಗೆ ಬಂದು ಅಪ್ಪನ ಹಳೇ ಫೋನಿಗೆ ಸಿಮ್ಮು ಹಾಕಿ ಜಗಲಿಯ ಮೇಲಿಟ್ಟೆವು. ಸಂಜೆಗೆ ಜೀವ ಬಂತು. ಬಂದ ಸ್ವಲ್ಪ ಹೊತ್ತಿಗೇ ರಿಂಗಾಯಿತು. ಯಾರೂ ಕೈ ಚಾಚಲಿಲ್ಲ. ಅಪ್ಪ ನನ್ನನ್ನು ನೋಡಿದರು, ನಾನು ಅಪ್ಪನನ್ನು. ದೊಡ್ಡವ್ವ ಎತ್ತಿದರು. ಆ ಕಡೆಯ ಗಂಟಲು ನಮಗೆಲ್ಲ ಕೇಳುವಷ್ಟು ದೊಡ್ಡದಿತ್ತು.

"ಅಣ್ಣೋ! ಎಲ್ಲೋಗಿದ್ದೆ ಮಾರಾಯ? ಮಾಡಿ ಮಾಡಿ ಸಾಕಾಯ್ತು. ಉಯ್ಯಂಬಳ್ಳಿಯಿಂದ. ಹುಳ ಹಣ್ಣಾಗ್ತಾ ಅವೆ, ಪ್ಲಾಸ್ಟಿಕ್ಕಿಂದು ಸಾಲ್ದು, ನಿಂದೇ ಬೇಕು."

"ಅಣ್ಣ ಇಲ್ಲ ಕಣಪ್ಪ," ಎಂದರು ದೊಡ್ಡವ್ವ. "ತೀರ್ಕೊಂಡ್ರು. ನಾನು ಅವ್ರ ಮನೆಯವ್ಳು."

"ಗೊತ್ತಾಗ್ನಿಲ್ಲ ಕಣಕ್ಕ. ಮಣ್ಣಿಗಾದ್ರೂ ಬತ್ತಿದ್ದೆ," ಎಂಬ ಮಾತು ಆ ಕಡೆಯಿಂದ ಮೆಲ್ಲಗೆ ಬಂತು.

"ಇರ್ಲಿ ಬುಡಪ್ಪ. ಹುಳ ಕಾಯ್ತವಾ? ನಾಳೆ ಆಟೋಲಿ ಕಳಿಸ್ತೀವಿ. ಎಷ್ಟ್ ಬೇಕು ಹೇಳು."

ಆವತ್ತಿನಿಂದ ಆ ಫೋನು ಅವರ ಹತ್ತಿರವೇ ಇದೆ.

ಮಾರನೆಯ ಸಂಜೆ ಕೋಡು ಬಂತು. ಓದಿ ಹೇಳುವವರಿಲ್ಲದೆ ಅದನ್ನು ನಾನೇ ನೋಡಿ ನಾನೇ ಒತ್ತಿದೆ. ಖಾತೆ ತೆರೆಯಿತು. ನವೀಕರಿಸಿ, ಹಸಿರು ಗುರುತು ಬರುವ ತನಕ ಮೂವರೂ ಪರದೆಯನ್ನೇ ನೋಡುತ್ತ ಕೂತೆವು. ಒಂದೆರಡು ಗಂಟೆಯ ಮೇಲೆ ವಿಳಾಸ ಒತ್ತಿದರೆ ಬೀದಿ ಬಂತು, ಸುರುಳಿ ಬಂತು, ದೊಡ್ಡಪ್ಪ ಬಂದರು. ಅಪ್ಪ ಎದ್ದು ಹಿತ್ತಲಿಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದರು.

ಆದರೆ ಒಡೆಯನ ಜಾಗದಲ್ಲಿ ಇನ್ನೂ ಸತ್ತವರ ಹೆಸರಿತ್ತು. ಈ ಸಲ ಹಾಗೇ ಬಿಡಬಾರದೆಂದು ಮರಣ ಪತ್ರ ಇಟ್ಟು ಕಂಪನಿಗೆ ಬರೆದೆ. ಯಾರ ಹೆಸರಿಗೆ ಎಂದು ಅವರು ಕೇಳಿದರು. ನಾನು ಮನೆಯಲ್ಲಿ ಕೇಳಿದೆ.

"ಅತ್ಗೆ ಹೆಸ್ರಿಗೆ ಮಾಡು. ಈಗ ಹಿರೀರು ಅವ್ರೇ," ಎಂದರು ಅಪ್ಪ.

"ನಂಗ್ಯಾಕಪ್ಪ?" ಎಂದರು ದೊಡ್ಡವ್ವ. "ನಾಳೆ ನಾನೂ ಹೋಯ್ತೀನಿ. ಮತ್ತೆ ಈ ಮಗ ಬಸ್ಸಲ್ಲಿ ಯಾರನ್ ಕರ್ಕೊಂಡೋಯ್ತದೆ? ಮಾಡ್ದೋಳು ಇವ್ಳು, ಕಾಯೋಳು ಇವ್ಳು. ಇವಳ್ದೇ ಹಾಕಿ."

"ಹೆಣ್ಮಗ ಅತ್ಗೆ. ನಾಳೆ ಇನ್ನೊಂದ್ ಮನೆಗೆ ಹೋಗೋಳು."

"ಹೋಗ್ಲಿ. ಅದೇನ್ ಬಾವಿನಾ, ಇಲ್ಲೇ ಬುಟ್ಟೋಗಕ್ಕೆ? ಹೋದ್ ಕಡೆಯಿಂದ್ಲೂ ನೋಡ್ಕೊಳ್ಳಕ್ಕೆ ಬತ್ತದೆ ತಾನೆ?"

"ಬರುತ್ತೆ," ಎಂದೆ.

ಅಪ್ಪ ಕೈಯಲ್ಲಿದ್ದ ಬಿದಿರಿನ ಸಿಬಿರು ತೆಗೆದರು. "ಅಣ್ಣ ಇದ್ದಿದ್ರೆ ಏನನ್ನೋನೋ," ಅಂದರು. ಬೇಡ ಅನ್ನಲಿಲ್ಲ.

ನನ್ನ ಹೆಸರನ್ನು ಡಿಗ್ರಿ ಸರ್ಟಿಫಿಕೇಟಿನಲ್ಲಿರುವ ಹಾಗೆಯೇ ಬರೆದೆ. ನನ್ನ ನಂಬರಿನ ಜೊತೆಗೆ ಅಪ್ಪನ ನಂಬರನ್ನೂ ಕೊನೆಮನೆಯ ಮಾವನ ಮಗಳ ನಂಬರನ್ನೂ ಸೇರಿಸಿದೆ, ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರಿಗೆ ಎಚ್ಚರಿಕೆ ಹೋಗಲೆಂದು. ಒಂದು ವರ್ಷಕ್ಕೆ ಬದಲು ಹಲವು ವರ್ಷಕ್ಕೆ ಒಟ್ಟಿಗೇ ಕಟ್ಟಿದೆ.

ಮಾರನೆಯ ದಿನ ದೊಡ್ಡಪ್ಪನ ಈಮೇಲಿಗೆ ಕಂಪನಿಯಿಂದ ಒಂದು ಪತ್ರ ಬಂತು. ಅವರ ಹೆಸರು ಹಿಡಿದು ಮಾನ್ಯರೇ ಎಂದು ಶುರುವಾಗಿತ್ತು. ಈ ವಿಳಾಸವನ್ನು ಇಂಥವರಿಗೆ ಬಿಟ್ಟುಕೊಡಲು ನಿಮ್ಮ ಒಪ್ಪಿಗೆ ಇದೆಯೇ, ಇದ್ದರೆ ಇಲ್ಲಿ ಒತ್ತಿ. ಕೆಳಗೆ, ಒಡೆಯರು ಇಲ್ಲದಿರುವುದರಿಂದ ವಾರಸುದಾರರು ಒಪ್ಪಿಗೆ ಕೊಡಬೇಕು ಎಂದು ಸೇರಿಸಿದ್ದರು. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ದೊಡ್ಡವ್ವನ ಕೈಯೆಲ್ಲ ಕೆಂಪು ಬಣ್ಣವಾಗಿತ್ತು, ಉಯ್ಯಂಬಳ್ಳಿಯವರು ಕೇಳಿದ್ದ ಇನ್ನೊಂದಿಷ್ಟು ಮಾಲಿಗೆ ವಿಳಾಸ ಒತ್ತುತ್ತಿದ್ದರು.

"ಅವ್ರನ್ನೇ ಕೇಳವ್ರಾ?" ಎಂದರು.

"ಹೂಂ. ಹೆಸರು ಹಿಡಿದೇ ಕೇಳಿದಾರೆ."

"ಎಲ್ಲಿ ಒತ್ಬೇಕು?"

ತೋರಿಸಿದೆ. ಬೆರಳನ್ನು ಸೀರೆಯ ಅಂಚಿಗೆ ಒರೆಸಿಕೊಂಡು, ಇನ್ನೊಂದು ಸಲ ಒರೆಸಿಕೊಂಡು, ಒತ್ತಿದರು.